ಹೇಳದೆ ಇಟ್ಟುಕೊಂಡ ಹರಕೆ

ಮಕ್ಕಳೇ, ಹೋದ ತಪಸ್ಸುಕಾಲದಲ್ಲಿ ನಿಮ್ಮಲ್ಲಿ ಚಿಕ್ಕವಳು ಕಿವಿನೋವನ್ನು ಮೂರು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಕೀವು ಸೋರಿ ದಿಂಬು ಒದ್ದೆಯಾದಾಗಲೇ ಮನೆಯವರಿಗೆ ಗೊತ್ತಾಗಿದ್ದು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಯೇಸುವಿಗೆ ಒಪ್ಪಿಸಿದ್ದೆ" ಎಂದಳು. ನೀವೆಲ್ಲ ನಕ್ಕಿರಿ. ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ಏನೋ ಬೇಸರವಾಯಿತು ಎಂದು ನೀವು ಅಂದುಕೊಂಡಿರಬೇಕು. ಬೇಸರವಲ್ಲ, ಹೆದರಿಕೆ.

ಎದುರು ಕುಳಿತು ಹೇಳುವುದು ನನ್ನಿಂದ ಆಗದು. ನಾಲ್ಕು ಜನರ ಮುಂದೆ ಮಾತಾಡಬೇಕಾದರೆ ಈಗಲೂ ನನ್ನ ನಾಲಿಗೆ ಒಣಗುತ್ತದೆ. ಜಗಳೂರು ಸೀಮೆಯ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೊಗಳಿದ್ದರು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನನಗೆ ಒಂದು ಕಾಲದಲ್ಲಿ ಕ್ಷಯ ಬಂದಿತ್ತು ಎಂಬುದು ನಿಮಗೆ ಗೊತ್ತು. ಅಕ್ಕಿ ಗಿರಣಿಯ ಧೂಳಿನಿಂದ ಬಂತು ಎಂದು ನಿಮಗೆ ಹೇಳಿದ್ದೇವೆ. ಧೂಳಿನ ಮಾತು ಪೂರ್ತಿ ನಿಜವಲ್ಲ.

ನಿಮ್ಮ ತಾತ ಚೌರಪ್ಪ ಗಾರೆ ಕೆಲಸದವರು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗ ನಾವು ನ್ಯಾಮತಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಸಾಸ್ವೆಹಳ್ಳಿ ಹತ್ತಿರ ಹೊಲದ ಬಾವಿಗೆ ಕಲ್ಲು ಕಟ್ಟುತ್ತಿರುವಾಗ ಮಣ್ಣು ಕುಸಿದು ಅವರ ಮೇಲೆ ಬಿತ್ತು. ಹೊರಗೆ ತೆಗೆದಾಗ ಇನ್ನೂ ಉಸಿರಿತ್ತಂತೆ. ಯಾರೋ ಓಡಿಹೋಗಿ ನಮ್ಮ ಚರ್ಚಿನ ಸ್ವಾಮಿಗಳಿಗೆ ತಿಳಿಸಿದರು. ಆಗ ನಮ್ಮ ಕಡೆ ಊರಿಗೊಬ್ಬ ಗುರುಗಳು ಎಲ್ಲಿಂದ ಬರಬೇಕು? ಒಬ್ಬರೇ ಸ್ವಾಮಿಗಳು ಮೋಟರ್ ಸೈಕಲ್ಲಿನಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸುತ್ತಿ ಒಂದೊಂದು ಕಡೆ ತಿಂಗಳಿಗೊಮ್ಮೆ ಪೂಜೆ ಅರ್ಪಿಸುತ್ತಿದ್ದರು. ಅವರು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಡೆಗಾಲದಲ್ಲಿ ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆ ಇಲ್ಲ, ಹಣೆಗೆ ಹಚ್ಚುವ ಅಭ್ಯಂಗದ ಎಣ್ಣೆ ಇಲ್ಲ, ಬಾಯಿಗೆ ಪರಮಪ್ರಸಾದ ಇಲ್ಲ. ಅದರ ಮೇಲೆ ನಿಮ್ಮ ತಾತ ಮೂರು ವರ್ಷದಿಂದ ಈಸ್ಟರ್ ಹಬ್ಬಕ್ಕೂ ಪಾಪನಿವೇದನೆಗೆ ಹೋಗಿರಲಿಲ್ಲ. "ಮುಂದಿನ ವರ್ಷ ಎಲ್ಲ ಸೇರಿಸಿ ಒಂದೇ ಸಲ ಹೇಳ್ತೀನಿ ಬಿಡು" ಎಂದು ನಗುತ್ತಿದ್ದರು.

ನಮ್ಮ ಅತ್ತೆ ಜ್ಞಾನಮ್ಮ ಸಂಜೆಯ ಜಪಸರ ಮುಗಿದು ಮೇಣದ ಬತ್ತಿ ಆರಿಸುವಾಗ ದಿನಾ ಒಂದೇ ಮಾತು ಆಡುತ್ತಿದ್ದರು: "ಎಣ್ಣೆ ಇಲ್ದಂಗೆ ಹೋದ ನನ್ ಮಗ. ಈಗ ಎಲ್ಲಿ ಬೇಯ್ತಾನೋ."

ಸತ್ತವರ ಆತ್ಮ ನೇರ ಮೋಕ್ಷಕ್ಕೆ ಹೋಗುವಷ್ಟು ಶುದ್ಧವಾಗಿರದಿದ್ದರೆ ಒಂದು ಕಡೆ ಕಾಯಬೇಕಾಗುತ್ತದೆ. ನಾವು ಅದನ್ನು ಉತ್ತರಿಸುವ ಸ್ಥಳ ಎನ್ನುತ್ತಿದ್ದೆವು. ಅಲ್ಲಿರುವವರು ತಮಗಾಗಿ ತಾವು ಏನೂ ಮಾಡಿಕೊಳ್ಳಲಾರರು, ಭೂಮಿಯ ಮೇಲಿರುವ ನಾವು ಜಪ, ಉಪವಾಸ, ನೋವು ಒಪ್ಪಿಸಿ ಅವರಿಗೆ ನೆರವಾಗಬಹುದು ಎಂದು ಚಿಕ್ಕವಳಿದ್ದಾಗ ಬಾಯಿಪಾಠ ಕಲಿತಿದ್ದೆ. ಬಾಯಿಪಾಠ ಕಲಿತದ್ದು ಅಷ್ಟು ವರ್ಷ ಸುಮ್ಮನೆ ಬಿದ್ದಿರುತ್ತದೆ. ಮನೆಯಲ್ಲಿ ಸಾವಾದಾಗ ಎದ್ದು ಕೂರುತ್ತದೆ.

ಅವರು ಹೋದ ಮೇಲೆ ನಾನು ಗಿರಣಿಗೆ ಅಕ್ಕಿ ಕೇರುವ ಕೆಲಸಕ್ಕೆ ಹೋಗತೊಡಗಿದೆ. ಆರು ವರ್ಷದ ತೆರೇಸ, ಅಂದರೆ ನಿಮ್ಮ ಅಮ್ಮ, ಅತ್ತೆಯ ಬಳಿ ಇರುತ್ತಿದ್ದಳು. ಸಂಜೆ ನಾನು ಬಂದೊಡನೆ ಸೆರಗು ಹಿಡಿದರೆ ಬೆಳಗಾಗುವ ತನಕ ಬಿಡುತ್ತಿರಲಿಲ್ಲ. ನನ್ನ ತಟ್ಟೆಯಲ್ಲೇ ಉಣ್ಣಬೇಕು, ನನ್ನ ಕುತ್ತಿಗೆಗೆ ಮುಖ ಒತ್ತಿಕೊಂಡೇ ಮಲಗಬೇಕು. ಅಪ್ಪ ಹೋದ ಹಾಗೆ ಅವ್ವನೂ ಹೋದರೆ ಎಂಬ ಭಯ ಆ ಕೂಸಿಗೆ.

ಕೆಮ್ಮು ಶುರುವಾದಾಗ ಗಿರಣಿಯಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಅಲ್ಲಿ ಎಲ್ಲರೂ ಕೆಮ್ಮುವವರೇ.

ಆ ವರ್ಷ ವಿಭೂತಿ ಬುಧವಾರಕ್ಕೆ ಸ್ವಾಮಿಗಳು ನ್ಯಾಮತಿಗೇ ಬಂದರು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ದಿನ ಅದು. ಹಣೆಗೆ ಬೂದಿ ಹಚ್ಚಿ ಮಣ್ಣಿಗೆ ಮರಳುವವರು ನಾವು ಎಂದು ನೆನಪಿಸುತ್ತಾರೆ. ನಾನು ಬೂದಿ ಹಚ್ಚಿಸಿಕೊಂಡು ಮನೆಗೆ ಬರುತ್ತಿದ್ದರೆ ಪಕ್ಕದ ಮನೆಯ ಬಸಮ್ಮಕ್ಕ ಕಟ್ಟೆ ಮೇಲೆ ಕುಳಿತಿದ್ದಳು. ಅವಳು ಶಿವಭಕ್ತರ ಮನೆಯವಳು, ಮೂರು ಹೊತ್ತೂ ಹಣೆ ತುಂಬ ಇಬೂತಿ.

"ಅಯ್ಯ ಲೂರ್ದಮ್ಮ, ನಿಮ್ ಸ್ವಾಮಿಗೂ ಬುದ್ಧಿ ಬಂತೇನೇ? ಇಬೂತಿ ಹಚ್ಚ್ಯಾರಲ್ಲ!"

"ಇವತ್ತೊಂದಿನ ಅಷ್ಟೇ ಅಕ್ಕ."

"ವರ್ಸಕ್ಕೊಂದಿನ? ಉಳಿದ ದಿನ ನಿಮಗೆ ಸಾವು ನೆಪ್ಪಾಗಲ್ವಾ?"

ಅವಳು ತಮಾಷೆಗೆ ಕೇಳಿದ್ದು. ನನಗೆ ನಗು ಬರಲಿಲ್ಲ. ಸ್ವಾಮಿಗಳು ಅಂದು ಪ್ರಸಂಗದಲ್ಲಿ ಹೇಳಿದ ಮಾತು ತಲೆಯಲ್ಲಿ ತಿರುಗುತ್ತಿತ್ತು: "ನಿಮ್ಮ ನೋವನ್ನು ವ್ಯರ್ಥ ಮಾಡಬೇಡಿ. ಅದನ್ನು ಕ್ರಿಸ್ತನ ನೋವಿನೊಂದಿಗೆ ಸೇರಿಸಿ ಒಪ್ಪಿಸಿ. ಒಪ್ಪಿಸಿದ ನೋವು ಆತ್ಮಗಳನ್ನು ಬಿಡಿಸುತ್ತದೆ."

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೆಮ್ಮು ಬಂತು. ಬಾಯಿಗೆ ಅಡ್ಡ ಹಿಡಿದ ಅಂಗೈಯಲ್ಲಿ ಕೆಂಪಗೆ, ಒಂದು ಹುಣಸೆ ಬೀಜದಷ್ಟು.

ಬೇರೆ ಯಾರಾದರೂ ಕೂಗಿಕೊಳ್ಳುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಸಂತೋಷಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ ಅದು. ನಿನ್ನೆ ಸ್ವಾಮಿಗಳು ಹೇಳಿದರು, ಇಂದು ದೇವರು ಕೊಟ್ಟ ಎಂದುಕೊಂಡೆ. ಉಪವಾಸ ಬಡವರ ಮನೆಯಲ್ಲಿ ಇದ್ದದ್ದೇ, ಅದರಿಂದ ಯಾವ ಆತ್ಮ ಬಿಡುಗಡೆಯಾದೀತು? ಇದು ನಿಜವಾದ ನೋವು, ರಕ್ತದ ನೋವು. ಅಲ್ಲೇ ಮೊಣಕಾಲೂರಿ ಹರಕೆ ಹೊತ್ತೆ. ಈಸ್ಟರ್ ತನಕ ಇದನ್ನು ಯಾರಿಗೂ ಹೇಳುವುದಿಲ್ಲ, ಮದ್ದು ಮುಟ್ಟುವುದಿಲ್ಲ. ಇದನ್ನೆಲ್ಲ ಚೌರಪ್ಪನವರಿಗಾಗಿ ತೆಗೆದುಕೊಂಡು ಅವರನ್ನು ಬಿಡಿಸು ಸ್ವಾಮಿ. ಆಮೇಲೆ ಕಲ್ಲನ್ನು ಎರಡು ಸಲ ತೊಳೆದೆ.

ಕ್ಷಯ ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಜಗಳೂರು ಕಡೆ ನಮ್ಮ ದೊಡ್ಡಪ್ಪನ ಮನೆಯಲ್ಲಿ ಹಾಗೆ ಇಬ್ಬರು ಹೋಗಿದ್ದರು. ಗೊತ್ತಿದ್ದನ್ನು ನೋಡದ ಹಾಗೆ ಮುಖ ತಿರುಗಿಸಿಕೊಂಡಿದ್ದೆ. ನಲವತ್ತು ದಿನ ಎಷ್ಟರದು, ಕಳೆದುಹೋಗುತ್ತದೆ ಎಂದುಕೊಂಡೆ.

ದಿನ ಕಳೆಯಲಿಲ್ಲ. ಎರಡನೆಯ ವಾರಕ್ಕೆ ಸಂಜೆಯಾದರೆ ಜ್ವರ. ಮೂರನೆಯ ವಾರಕ್ಕೆ ಮೊರ ಎತ್ತಿದರೆ ಪಕ್ಕೆಯಲ್ಲಿ ಮುಳ್ಳು ಮುರಿದಂತೆ. ಕಫವನ್ನು ಒಲೆಯ ಬೂದಿಯಲ್ಲಿ ಕಲಸಿ ತಿಪ್ಪೆಗೆ ಹಾಕುತ್ತಿದ್ದೆ. ಶುಕ್ರವಾರ ಊರಿನ ನಮ್ಮ ನಾಲ್ಕು ಕ್ರೈಸ್ತ ಮನೆಯವರು ಸೇರಿ ಶಿಲುಬೆ ಹಾದಿಯ ಪ್ರಾರ್ಥನೆ ಮಾಡುತ್ತಿದ್ದೆವು. ಗೋಡೆಗೆ ಅಂಟಿಸಿದ ಹದಿನಾಲ್ಕು ಚಿತ್ರಗಳ ಮುಂದೆ ಒಂದೊಂದಾಗಿ ಮೊಣಕಾಲೂರಿ ಏಳಬೇಕು. ಒಂಬತ್ತನೆಯದರಲ್ಲಿ ಯೇಸು ಮೂರನೆಯ ಸಲ ಬೀಳುತ್ತಾರೆ. ಅಲ್ಲಿ ಊರಿದವಳು ನಾನು ಏಳಲಾರದೆ ಹೋದೆ. ಅತ್ತೆ ತೋಳು ಹಿಡಿದು ಎಬ್ಬಿಸಿದರು. ಅವರ ಕೈ ನನ್ನ ತೋಳಿನ ಮೇಲೆ ನಿಂತೇಬಿಟ್ಟಿತು.

"ಮೈ ಕೆಂಡ ಆಗೈತಲ್ಲೇ."

"ಬಿಸಿಲಿಗೆ ಅತ್ತೆ."

"ಈ ಸಂಜಿ ಹೊತ್ನಾಗೆ ಯಾವ ಬಿಸಿಲೇ? ನನ್ ಮಗ ಹೋದ. ನೀನೂ ಹೊಂಟ್ರೆ ಈ ಕೂಸನ್ನ ನಾನು ಯಾರ ಬಾಗ್ಲಾಗೆ ನಿಲ್ಲಿಸ್ಲಿ?"

ಹೇಳಿದರೆ ಹರಕೆ ಮುರಿಯುತ್ತದೆ. ಮುರಿದರೆ ಅವರ ಮಗ ಅಲ್ಲೇ ಉಳಿಯುತ್ತಾನೆ. ಅವರ ಮಗನಿಗಾಗಿಯೇ ಅವರ ಮುಂದೆ ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ಹೇಗೆ ಹೇಳಲಿ?

ಬಸಮ್ಮಕ್ಕ ಅತ್ತೆಯ ಹಾಗೆ ಅಳುತ್ತ ಕೂರುವವಳಲ್ಲ. ನಾಲ್ಕನೆಯ ವಾರ ಒಂದು ಸೋಮವಾರ ಬಾಗಿಲಿಗೆ ಬಂದು ನಿಂತಳು. "ನಿನ್ ಕೆಮ್ಮು ಗೋಡೆ ದಾಟಿ ಬಂದು ನನ್ ಎಮ್ಮೆನೂ ಎಬ್ಬಸ್ತೈತೆ. ನಡಿ ಹೊನ್ನಾಳಿಗೆ. ನೀನ್ ಬರದಿದ್ರೆ ಹೊತ್ಕಂಡು ಹೋಗ್ತೀನಿ, ನೋಡ್ತಿರು." ಅವಳು ಹೊರುವವಳೇ. ನಾನು ಹೋದೆ, ಮದ್ದು ಮುಟ್ಟದಿದ್ದರೆ ಸಾಕು, ಹರಕೆ ಮುರಿದಂತಾಗದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೊನ್ನಾಳಿ ಆಸ್ಪತ್ರೆಯ ಜಗುಲಿಯಲ್ಲಿ ಗೋಡೆಗೊರಗಿ ಕುಳಿತ ಸಾಲು. ಡಬ್ಬಿಯಲ್ಲಿ ಕಫ ಕೊಟ್ಟು ಬಂದು ಮಧ್ಯಾಹ್ನದ ತನಕ ಕಾದೆವು. ನನ್ನ ಪಕ್ಕದಲ್ಲಿದ್ದ ಮುದುಕ ತನ್ನ ಡಬ್ಬಿಯನ್ನು ಪಂಚೆಯ ಅಂಚಿನಲ್ಲಿ ಮುಚ್ಚಿ ಹಿಡಿದುಕೊಂಡಿದ್ದ, ಒಳಗೆ ಹಕ್ಕಿಮರಿ ಇದೆಯೇನೋ ಎನ್ನುವ ಹಾಗೆ. ನನ್ನ ಹೆಸರು ಕೂಗುವ ಹೊತ್ತಿಗೆ ಬಸಮ್ಮಕ್ಕ ಬಾಳೆಹಣ್ಣು ತರಲು ಹೋಗಿದ್ದಳು.

"ಟಿ.ಬಿ. ಇದೆಯಮ್ಮ" ಎಂದರು ಡಾಕ್ಟರು. "ಹೆದರಬೇಡಿ, ಈಗ ಒಳ್ಳೆಯ ಮದ್ದಿದೆ. ನಾಳೆಯಿಂದಲೇ ದಿನಾ ಸೂಜಿ ಚುಚ್ಚಿಸಿಕೊಳ್ಳಿ, ನಿಮ್ಮೂರ ದವಾಖಾನೆಯಲ್ಲೇ ಆಗುತ್ತೆ. ಮನೆಯಲ್ಲಿ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಕರೆದುಕೊಂಡು ಬನ್ನಿ, ನೋಡಬೇಕು. ಅಲ್ಲೀವರೆಗೆ ಜೊತೆಗೆ ಮಲಗಿಸಿಕೊಳ್ಳಬೇಡಿ."

ಚೀಟಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡೆ. ಹೊರಗೆ ಬಂದಾಗ ಬಸಮ್ಮಕ್ಕ ಕೇಳಿದಳು, "ಏನಂದ್ರು?"

"ಗಿರಣಿ ಧೂಳಂತೆ ಅಕ್ಕ."

ಧೂಳಿನ ಮಾತು ಹುಟ್ಟಿದ್ದು ಹೀಗೆ. ಅಂದು ಸಂಜೆ ತೆರೇಸಳಿಗೆ ಅತ್ತೆಯ ಪಕ್ಕ ಹಾಸಿದೆ. ಅವಳು ಹೊಸ್ತಿಲ ಮೇಲೆ ಕುಳಿತು ಎಷ್ಟು ಅತ್ತಳೆಂದರೆ, ಕೊನೆಗೆ ನಾನೇ ಎತ್ತಿಕೊಂಡು ಬಂದು ಪಕ್ಕದಲ್ಲಿ ಮಲಗಿಸಿಕೊಂಡೆ. ಮುಖವನ್ನು ಗೋಡೆಗೆ ತಿರುಗಿಸಿಕೊಂಡೆ. ಅಷ್ಟೇ ನಾನು ಮಾಡಿದ್ದು.

ಮುಂದಿನ ವಾರ ಅವಳು ಕೆಮ್ಮಿದಳು.

ಮಕ್ಕಳು ಕೆಮ್ಮುತ್ತಾರೆ, ನೆಗಡಿ ಇರಬಹುದು ಎಂದು ಒಂದು ದಿನ ಬಿಟ್ಟೆ. ಎರಡನೆಯ ದಿನ ಸಂಜೆ ಹಣೆ ಮುಟ್ಟಿದರೆ ಬಿಸಿ. ಉಣ್ಣಲು ಕರೆದರೆ, "ಒಲ್ಲೆ ಅವ್ವ" ಎಂದು ಕಂಬಕ್ಕೆ ಒರಗಿ ಕುಳಿತಳು. ಅಂದಿನಿಂದ ನನ್ನ ತಲೆಯಲ್ಲಿ ಎರಡು ದನಿ ಜಗಳಕ್ಕೆ ಬಿದ್ದವು. ಹರಕೆ ಇನ್ನು ಹನ್ನೆರಡು ದಿನ, ತಡೆದುಕೋ, ಇಷ್ಟು ದಿನದ್ದೆಲ್ಲ ನೀರುಪಾಲಾಗುತ್ತದೆ, ಗಂಡ ಬೇಯುತ್ತಾನೆ ಎಂದು ಒಂದು. ಕೂಸನ್ನು ನೋಡು ಎಂದು ಇನ್ನೊಂದು. ದೇವರಿಗೆ ಕೊಟ್ಟ ಮಾತನ್ನು ನಾನೇ ಬಿಡಿಸಿಕೊಳ್ಳುವ ಅಧಿಕಾರ ನನಗಿಲ್ಲ ಎಂದು ನಂಬಿದ್ದೆ. ಬಿಡಿಸಬಲ್ಲವರು ಸ್ವಾಮಿಗಳು. ಅವರು ಆ ಶುಕ್ರವಾರ ಚನ್ನಗಿರಿಯಲ್ಲಿ ಪಾಪನಿವೇದನೆ ಕೇಳುತ್ತಾರೆಂದು ಗೊತ್ತಿತ್ತು.

ಒಂಟಿಯಾಗಿ ನಾನು ಅಷ್ಟು ದೂರ ಬಸ್ಸು ಹತ್ತಿದವಳಲ್ಲ. ಅತ್ತೆಗೆ, "ಹಬ್ಬದ ಪಾಪನಿವೇದನೆಗೆ ಹೋಗಿ ಬರ್ತೀನಿ" ಎಂದಷ್ಟೇ ಹೇಳಿ ತೆರೇಸಳನ್ನು ಹೊತ್ತುಕೊಂಡು ಹೊರಟೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಸಾಸ್ವೆಹಳ್ಳಿ ಮೇಲೆ ಹೋಗುವುದನ್ನು ಹತ್ತಿದೆ. ಆ ಬಾವಿಯ ಹೊಲ ರಸ್ತೆಯಿಂದ ಕಾಣುತ್ತದೆ ಎಂದು ಕೇಳಿದ್ದೆ. ಕಿಟಕಿಯ ಕಡೆ ತಲೆ ಎತ್ತಲೇ ಇಲ್ಲ. ಕೂಸಿನ ಉಸಿರು ಕುತ್ತಿಗೆಗೆ ತಾಗುತ್ತಿತ್ತು, ಬಿಸಿಬಿಸಿಯಾಗಿ.

ಚನ್ನಗಿರಿಯಲ್ಲಿ ನಮ್ಮವರು ಪೂಜೆಗೆ ಸೇರುತ್ತಿದ್ದುದು ಹೆಂಚಿನ ಒಂದು ಮನೆಯಲ್ಲಿ. ಹೊರಗೆ ಚಪ್ಪರದ ಕೆಳಗೆ ಇಪ್ಪತ್ತು ಮೂವತ್ತು ಹೆಂಗಸರ ಸಾಲು. ಒಳಗೆ ಮೂಲೆಯಲ್ಲಿ ಕುರ್ಚಿ, ಮಧ್ಯೆ ಒಂದು ಸೀರೆ ಕಟ್ಟಿ ಮರೆ ಮಾಡಿದ್ದರು. ನಾನು ಸಾಲಿನ ಕೊನೆಯಲ್ಲಿ ನಿಂತೆ. ಕೆಮ್ಮು ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮುಂದೆ ನಿಂತಿದ್ದ ಹಲ್ಲಿಲ್ಲದ ಒಬ್ಬ ಮುದುಕಿ ತಿರುಗಿ ಕೂಸಿನ ಬೆನ್ನು ಮುಟ್ಟಿದಳು.

"ಕೂಸು ಸುಡ್ತೈತಲ್ಲೇ ತಾಯಿ! ಮುಂದಕ್ ಹೋಗು."

"ಬ್ಯಾಡಜ್ಜಿ, ಎಲ್ರೂ ಕಾಯ್ತಾವ್ರೆ."

"ನಮ್ ಪಾಪ ಎಲ್ಲ ಹಳೇವು, ಕೆಡಾಕಿಲ್ಲ, ಕಾಯ್ತಾವೆ. ಏ, ದಾರಿ ಬಿಡ್ರೇ!"

ಸಾಲು ನಕ್ಕು ಸರಿಯಿತು. ಆ ಮುದುಕಿ ಯಾರೋ ಏನೋ, ಮತ್ತೆ ನೋಡಲಿಲ್ಲ. ಈಗಲೂ ಜಪಸರದಲ್ಲಿ ಅವಳಿಗೊಂದು ಮಣಿ ಇಡುತ್ತೇನೆ.

ಸೀರೆಯ ಮರೆಗೆ ಮೊಣಕಾಲೂರಿದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ನಾನು ನನ್ನದನ್ನು ಹೇಳಬಹುದು. ಅದಕ್ಕೇ ಬರೆಯುತ್ತಿದ್ದೇನೆ.

"ಸ್ವಾಮಿ, ಒಂದು ಹರಕೆ ಹೊತ್ತೀನಿ. ಅದನ್ನ ಬಿಡಿಸ್ಕೊಡ್ರಿ ಅಂತ ಕೇಳಾಕೆ ಬಂದೆ."

"ಎಂಥ ಹರಕೆ?"

ಹೇಳಿದೆ. ರಕ್ತ, ಚೀಟಿ, ಡಾಕ್ಟರು ಹೇಳಿದ್ದು, ಎಲ್ಲ. ಮರೆಯಾಚೆಯಿಂದ ಮೆಲ್ಲಗೆ, "ಮಗು ಎಲ್ಲಿದೆ?" ಎಂದರು.

"ಹೆಗಲ ಮ್ಯಾಲೆ."

"ಅದೂ ಕೆಮ್ಮುತ್ತಾ?"

"ನಾಕ್ ದಿನ ಆತು."

"ಇಂಥ ಹರಕೆ ಹೊರು ಅಂತ ನಿನಗೆ ಯಾರಮ್ಮ ಹೇಳಿದ್ದು?" ದನಿ ಗಡುಸಾಗಿತ್ತು.

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. "ನೀವೇ, ಸ್ವಾಮಿ. ಇಬೂತಿ ಬುಧವಾರ."

ಕುರ್ಚಿ ಕಿರುಗುಟ್ಟಿತು. ಅವರು ಸಿಟ್ಟಾಗಿ ಎದ್ದು ಹೋಗುತ್ತಾರೆ ಎಂದುಕೊಂಡೆ. ಮಾತು ಬಂದಾಗ ಅದು ಪ್ರಸಂಗದ ದನಿಯಾಗಿರಲಿಲ್ಲ.

"ನಾನು ಅರ್ಧ ಮಾತು ಹೇಳಿದ್ದೆ, ಲೂರ್ದಮ್ಮ. ಉಳಿದರ್ಧ ನೀವೇ ತಿಳ್ಕೊಳ್ತೀರಿ ಅಂದ್ಕೊಂಡಿದ್ದೆ. ತಪ್ಪು ನನ್ನದು. ಉಳಿದರ್ಧ ಈಗ ಕೇಳು. ಕುಷ್ಠರೋಗಿಗಳು, ಕುರುಡರು ಯೇಸುವಿನ ಹತ್ತಿರ ಬಂದಾಗ, 'ಹಾಗೇ ಇರಿ, ಒಪ್ಪಿಸಿ' ಅಂದರಾ? ವಾಸಿ ಮಾಡಿದರು. ತಮ್ಮ ಶಿಲುಬೆ ಹೊರೋಕಾಗದೆ ಬಿದ್ದಾಗ, ದಾರಿಹೋಕ ಸೀಮೋನ ಬಂದು ಕೈ ಹಾಕಿದರೆ 'ಬೇಡ, ಇದು ನನ್ನ ನೋವು' ಅಂದರಾ? ಹೊರೋಕೆ ಬಿಟ್ಟರು. ಎಷ್ಟು ಮದ್ದು ಮಾಡಿದರೂ ಉಳಿದೇ ಉಳಿಯುವ ನೋವು ಇರುತ್ತಲ್ಲ, ಅದನ್ನ ಒಪ್ಪಿಸು. ವಾಸಿಯಾಗೋ ರೋಗಾನ ಸಾಕಿಕೊಳ್ಳೋದು ಒಪ್ಪಿಸೋದಲ್ಲ."

"ಹಂಗಾದ್ರೆ ಹರಕೆ ಬಿಡಿಸ್ತೀರಾ ಸ್ವಾಮಿ?"

"ಬಿಡಿಸೋಕೆ ಅಲ್ಲಿ ಏನೂ ಇಲ್ಲ. ಮಗುವಿಗೆ ಕೇಡಾಗೋದನ್ನ ದೇವರಿಗೆ ಹರಕೆ ಅಂತ ಕೊಡೋಕೆ ಬರೋದಿಲ್ಲ. ಅವನು ಅದನ್ನ ತಗೊಂಡೇ ಇಲ್ಲ."

ಈ ಮಾತಿಗೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಕುಸಿದುಹೋದೆ. ತೆಗೆದುಕೊಂಡಿಲ್ಲ ಎಂದರೆ ಮೂವತ್ತಾರು ದಿನದ ನೋವೆಲ್ಲ ಎಲ್ಲಿ ಹೋಯಿತು? "ನನ್ ಗಂಡ?" ಎಂದೆ. "ಎಣ್ಣೆ ಇಲ್ದಂಗೆ ಹೋದ್ರಲ್ಲ ಸ್ವಾಮಿ. ಅವ್ರನ್ನ ಯಾರು ಬಿಡಿಸ್ತಾರೆ?"

"ಅವತ್ತು ನನ್ನ ಗಾಡಿ ದಾರೀಲಿ ಪಂಕ್ಚರ್ ಆಯ್ತು" ಎಂದರು ಸ್ವಾಮಿಗಳು. "ಎರಡು ಮೈಲಿ ತಳ್ಳಿಕೊಂಡು ಬಂದೆ. ಅವತ್ತಿನಿಂದ ನಾನು ಅರ್ಪಿಸಿದ ಒಂದೊಂದು ಪೂಜೆಯಲ್ಲೂ ಅವನ ಹೆಸರು ಹೇಳಿದ್ದೀನಿ, ನನ್ನ ಸಮಾಧಾನಕ್ಕೂ ಸೇರಿ. ಆದರೆ ದೇವರ ಕರುಣೆ ನನ್ನ ಗಾಡಿ ಹಿಂದಿನ ಸೀಟಲ್ಲಿ ಕೂತ್ಕೊಂಡು ಬರೋದಲ್ಲ, ತಾಯಿ. ನಾನು ಬರೋಕೆ ಮೊದಲೇ ಅದು ಆ ಬಾವಿಯೊಳಗೆ ಇತ್ತು."

ಮರೆಯ ಸೀರೆಗೆ ಹಣೆ ಒತ್ತಿ ಅತ್ತುಬಿಟ್ಟೆ. ಗಂಡ ಸತ್ತ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಕೊನೆಗೆ ಪ್ರಾಯಶ್ಚಿತ್ತ ಹೇಳಬೇಕಲ್ಲ. ಸಾಮಾನ್ಯವಾಗಿ ಹತ್ತು ನಮೋ ಮರಿಯ, ಐದು ಪರಲೋಕ ಮಂತ್ರ ಜಪಿಸು ಎನ್ನುತ್ತಾರೆ. ನನಗೆ ಹೇಳಿದ್ದು ಇದು: "ನಾಳೆಯಿಂದ ದಿನಾ ಸೂಜಿ. ಡಾಕ್ಟರು ಸಾಕು ಅನ್ನೋ ತನಕ ಒಂದೂ ತಪ್ಪಿಸಬಾರದು. ಮಗುವನ್ನ ತೋರಿಸು. ಅದೇ ನಿನ್ನ ಪ್ರಾಯಶ್ಚಿತ್ತ. ಒಪ್ಪಿಸೋಕೆ ನೋವು ಸಾಲದು ಅಂತ ಹೆದರಬೇಡ, ಆ ಸೂಜಿಯಲ್ಲಿ ಬೇಕಾದಷ್ಟಿರುತ್ತೆ."

ಶನಿವಾರ ಬೆಳಿಗ್ಗೆ ನ್ಯಾಮತಿ ದವಾಖಾನೆಯಲ್ಲಿ ಚೀಟಿ ಬಿಚ್ಚಿ ಕೊಟ್ಟೆ. ಬೆವರಿಗೆ ಅಕ್ಷರಗಳು ಮಸುಕಾಗಿದ್ದವು, ಆದರೂ ಕಾಂಪೌಂಡರು ಓದಿಕೊಂಡರು. ಅಂದೇ ಅತ್ತೆಗೆ ರೋಗದ ಹೆಸರು ಹೇಳಿದೆ, ಹರಕೆಯ ಮಾತು ಹೇಳಲಿಲ್ಲ. ಮರುದಿನ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಸ್ವಾಮಿಗಳು ನ್ಯಾಮತಿಗೆ ಬಂದವರು ಪೂಜೆ ಮುಗಿಸಿ ನೇರ ನಮ್ಮ ಮನೆಗೆ ಬಂದು ಚೀಲದಿಂದ ಎಣ್ಣೆಯ ಬೆಳ್ಳಿ ಕರಡಿಗೆ ತೆಗೆದರು. ಅತ್ತೆ ಅದನ್ನು ನೋಡಿದ್ದೇ ತಡ, ಬಾಗಿಲಿಗೆ ಅಡ್ಡ ಕೈ ಹಾಕಿ ನಿಂತುಬಿಟ್ಟರು.

"ಬ್ಯಾಡ್ರಿ ಸ್ವಾಮಿ! ಅವಳಿನ್ನೂ ಉಸಿರಾಡ್ತಾಳೆ!"

"ಅದಕ್ಕೇ ಬಂದಿದ್ದೀನಿ, ಜ್ಞಾನಮ್ಮ."

"ಎಣ್ಣೆ ಹಚ್ಚಿಸ್ಕಂಡೋರು ಯಾರೂ ಎದ್ದಿದ್ದು ನಾ ಕಾಣೆ!"

"ನೀವು ಯಾವಾಗಲೂ ಉಸಿರು ನಿಲ್ಲೋವಾಗ ಕರೆದ್ರೆ ಅವರು ಹೇಗೆ ಎದ್ದಾರು? ಇದು ಸಾಯೋರ ಎಣ್ಣೆ ಅಲ್ಲಮ್ಮ, ರೋಗಿಗಳ ಎಣ್ಣೆ. ಬದುಕೋಕೆ ಹಚ್ಚೋದು."

ಬಾಗಿಲಲ್ಲಿ ಇಣುಕುತ್ತಿದ್ದ ಬಸಮ್ಮಕ್ಕ, "ಬಿಡೇ ಜ್ಞಾನವ್ವ, ಹ್ಯಂಗೂ ಪುಕ್ಸಟ್ಟೆ ಎಣ್ಣೆ" ಎಂದಳು. ಅತ್ತೆ ಕೈ ಇಳಿಸಿದರು. ನನಗೂ ಭಯವೇ. ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚಿದಾಗ ಕಣ್ಣು ಮುಚ್ಚಿಕೊಂಡು ಕೂತೆ. ಆ ಸೋಮವಾರವೆಲ್ಲ ಅತ್ತೆ ಗಳಿಗೆಗೊಮ್ಮೆ ಬಂದು ನನ್ನ ಮೂಗಿನ ಬಳಿ ಬೆರಳು ಹಿಡಿದು ನೋಡಿದರು.

ಬುಧವಾರ ತೆರೇಸಳನ್ನು ಹೊನ್ನಾಳಿಗೆ ಕರೆದುಕೊಂಡು ಹೋದೆ. ಮುಂಗೈ ಒಳಬದಿಗೆ ಒಂದು ಸಣ್ಣ ಸೂಜಿ ಚುಚ್ಚಿದರು. "ಮೂರು ದಿನ ಬಿಟ್ಟು ಬನ್ನಿ. ಊದಿಕೊಂಡಿದ್ದರೆ ರೋಗ ಹತ್ತಿದೆ ಅಂತ ಅರ್ಥ. ಕೆರೆಯೋಕೆ ಬಿಡಬೇಡಿ."

ಆ ಮೂರು ದಿನ ಪವಿತ್ರ ವಾರದ ಕೊನೆಯ ಮೂರು ದಿನಗಳು. ಗುರುವಾರ ಆ ಜಾಗ ಸುಮ್ಮನೆ ಕೆಂಪಗಿತ್ತು. ನೋಡುವುದಿಲ್ಲ ಎಂದುಕೊಳ್ಳುವುದು, ಹತ್ತು ನಿಮಿಷಕ್ಕೆ ಮತ್ತೆ ತೋಳು ತಿರುಗಿಸಿ ನೋಡುವುದು. ತೆರೇಸಳಿಗೆ ಆಟವಾಗಿತ್ತು. "ಇನ್ನೂ ಐತೆ ಅವ್ವ" ಎಂದು ತಾನೇ ಓಡಿ ಬಂದು ತೋರಿಸುತ್ತಿದ್ದಳು. ಶುಭ ಶುಕ್ರವಾರ ಎಲ್ಲರೂ ಶಿಲುಬೆಯ ಮುಂದೆ ಕುಳಿತಿದ್ದರೆ ನನ್ನ ಕಣ್ಣು ಆ ತೋಳಿನ ಮೇಲೆ. ಬೆರಳಿಂದ ಸವರಿದರೆ ಚರ್ಮದ ಕೆಳಗೆ ಗಟ್ಟಿ. ನನ್ನ ಬೆರಳೇ ಸುಳ್ಳು ಹೇಳುತ್ತಿದೆ ಎಂದುಕೊಂಡು ಅತ್ತೆಯ ಬೆರಳು ಹಿಡಿದು ಮುಟ್ಟಿಸಿದೆ. ಅತ್ತೆ ಕೂಸನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಮಧ್ಯಾಹ್ನ ಮೂರು ಗಂಟೆಗೆ, ಯೇಸು ಪ್ರಾಣ ಬಿಟ್ಟ ಹೊತ್ತಿನಲ್ಲಿ, ಮೌನವಾಗಿರಬೇಕು. ನಾನು ಮನಸ್ಸಿನೊಳಗೆ ಮರಿಯಮ್ಮನಿಗೆ ಬೈದೆ. ನಿನ್ನ ಮಗನನ್ನು ನೀನು ಕೊಡಲಿಲ್ಲ, ಜನ ಕಿತ್ತುಕೊಂಡರು. ನನ್ನ ಮಗಳನ್ನು ನಾನೇ ಕೈಯಾರೆ ಕೊಟ್ಟೆನಲ್ಲ, ನನ್ನನ್ನು ನೀನು ತಡೆಯಬಾರದಿತ್ತೇ? ದೇವರ ತಾಯಿಗೆ ಬೈದರೆ ಪಾಪ ಎಂದು ಗೊತ್ತಿತ್ತು. ಬೈದೆ.

ಶನಿವಾರ ಡಾಕ್ಟರು ಆ ಜಾಗದ ಮೇಲೆ ಅಳತೆ ಪಟ್ಟಿ ಇಟ್ಟರು. ಅವರು ಏನೂ ಹೇಳುವ ಮೊದಲೇ ಗೊತ್ತಾಯಿತು.

"ಹತ್ತಿದೆ. ಎದೆಯ ಗಂಟುಗಳಲ್ಲಿ ಇರುತ್ತೆ. ಬೇಗ ತಂದಿರಿ, ಅದೇ ಪುಣ್ಯ."

ಬೇಗ ಎಂದರು. ನನ್ನ ಕುಪ್ಪಸದಲ್ಲಿ ಚೀಟಿ ಎಷ್ಟು ದಿನ ಇತ್ತು ಎಂದು ಅವರಿಗೆ ಗೊತ್ತಿರಲಿಲ್ಲ.

ಆಮೇಲಿನ ಒಂದೂವರೆ ವರ್ಷದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗಿರಣಿಯಲ್ಲಿ ಇನ್ನು ಬರಬೇಡ ಎಂದರು. ನಮ್ಮ ನಾಲ್ಕು ಮನೆಯವರಲ್ಲೇ ಒಬ್ಬರು ಪೂಜೆಯ ಹೊತ್ತಿಗೆ ತಮ್ಮ ಚಾಪೆಯನ್ನು ದೂರ ಎಳೆದುಕೊಂಡರು. ಬಸಮ್ಮಕ್ಕ ದಿನಾ ಒಂದು ಚೊಂಬು ಹಾಲನ್ನು ಗೋಡೆಯ ಮೇಲಿಟ್ಟು, "ಎಮ್ಮೆ ಕೊಟ್ಟಿದ್ದು, ನಾನಲ್ಲ" ಎಂದು ಕೂಗಿ ಹೋಗುತ್ತಿದ್ದಳು. ಸೂಜಿಯಿಂದ ನನ್ನ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು ಶುರುವಾಯಿತು, ನಡೆದರೆ ನೆಲ ವಾಲುತ್ತಿತ್ತು. ಅದನ್ನು ಸಹಿಸಿದೆ. ಸಹಿಸಲಾರದೆ ಹೋದದ್ದು ತೆರೇಸಳ ಸರದಿ. ದವಾಖಾನೆಯ ಬೆಂಚಿನ ಮೇಲೆ ಅವಳ ಕಾಲು ಹಿಡಿದುಕೊಳ್ಳುವುದು ನನ್ನ ಕೆಲಸ. "ಅವ್ವಾ, ನಾ ಏನ್ ಮಾಡೀನಿ? ನಾ ಏನ್ ಮಾಡೀನಿ?" ಎಂದು ಚೀರುತ್ತಿದ್ದಳು. ಆ ನೋವನ್ನು ನಾನು ಯಾರಿಗೂ ಒಪ್ಪಿಸಲಿಲ್ಲ. ಒಪ್ಪಿಸಲು ಅದು ನನ್ನದಾಗಿರಲಿಲ್ಲ.

ಇಬ್ಬರೂ ವಾಸಿಯಾದೆವು. ಒಂದು ಸೂಜಿಯೂ ತಪ್ಪಲಿಲ್ಲ. ಸ್ವಾಮಿಗಳಿಗೆ ಬೇರೆ ಊರಿಗೆ ವರ್ಗವಾಯಿತು. ಅತ್ತೆ ಮುಂದೆ ಕೆಲವು ವರ್ಷಕ್ಕೆ ತೀರಿಕೊಂಡರು. ತಾವೇ ಕೇಳಿ, ಇನ್ನೂ ಮಾತಾಡುವ ಶಕ್ತಿ ಇರುವಾಗಲೇ, ಎಣ್ಣೆ ಹಚ್ಚಿಸಿಕೊಂಡರು. ದೇವರು ಕ್ಷಮಿಸಿದ ಎಂದು ನಾನು ನಂಬಿದ್ದೆ. ಆದರೆ ತೆರೇಸ ನನ್ನನ್ನು ನೋಡಿ ನಕ್ಕಾಗಲೆಲ್ಲ, ಇವಳಿಗೆ ಗೊತ್ತಿಲ್ಲ, ಅದಕ್ಕೇ ನಗುತ್ತಾಳೆ ಎನ್ನಿಸುತ್ತಿತ್ತು.

ಅವಳಿಗೆ ಹದಿನೇಳಾದಾಗ ನರ್ಸ್ ತರಬೇತಿಗೆ ಸೇರಬೇಕೆಂದಳು. ಆರೋಗ್ಯದ ಪತ್ರ ಮಾಡಿಸಲು ಹೊನ್ನಾಳಿಗೆ ಹೋದೆವು. ಹಿಂದೆ ಏನಾದರೂ ಕಾಯಿಲೆ ಬಂದಿತ್ತೇ ಎಂದು ಹೊಸ ಡಾಕ್ಟರು ಕೇಳಿದರು. "ಚಿಕ್ಕೋಳಿದ್ದಾಗ ಟಿ.ಬಿ. ಆಗಿತ್ತು ಸರ್. ನಮ್ಮವ್ವಂಗೆ ಗಿರಣಿ ಧೂಳಿಂದ ಬಂದಿತ್ತು, ಅವ್ವಂಗೆ ಗೊತ್ತಾಗೋದ್ರೊಳಗೆ ನನಗೂ ಹತ್ತಿತ್ತು" ಎಂದಳು, ನನ್ನ ಪರವಾಗಿ ನಿಂತವಳ ಹಾಗೆ.

ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ನಾನು ಹೇಳಿದೆ. ಎಲ್ಲವನ್ನೂ. ಚೀಟಿಯನ್ನೂ. ನ್ಯಾಮತಿ ಬಸ್ಸು ಬಂತು, ಹೋಯಿತು, ನಾವು ಹತ್ತಲಿಲ್ಲ.

ಆಮೇಲೆ, "ಅಪ್ಪಂಗೋಸ್ಕರ ನನ್ನ ಕೊಡಾಕೆ ಹೋಗಿದ್ದಿ" ಎಂದಳು. "ನನ್ನೊಂದ್ ಮಾತು ಕೇಳಿದ್ಯಾ?"

"ಇಲ್ಲ."

ಎರಡು ದಿನ ನನ್ನೊಡನೆ ಮಾತಿಲ್ಲ. ನೀರು ತಂದಳು, ಒಲೆ ಹಚ್ಚಿದಳು, ಬಡಿಸಿದಳು, ಮಾತಿಲ್ಲ. ಸಿಟ್ಟು ಮಾಡು, ಬೈ ಎಂದು ಕೇಳುವ ಹಕ್ಕೂ ನನಗಿಲ್ಲ ಎಂದು ತಲೆ ತಗ್ಗಿಸಿಕೊಂಡಿದ್ದೆ. ಮೂರನೆಯ ದಿನ ನಾನು ಅಕ್ಕಿ ಆರಿಸುತ್ತಿದ್ದಾಗ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಮೊರವನ್ನು ಆಚೆ ಸರಿಸಿದಳು.

"ಇನ್ ಮ್ಯಾಲೆ ನಿನಗೆ ಏನ್ ನೋವಾದ್ರೂ ಮೊದ್ಲು ನನಗೆ ಹೇಳ್ಬೇಕು. ದೇವ್ರಿಗೆ ಆಮ್ಯಾಲೆ ಹೇಳೀಯಂತೆ. ಆತಾ?"

ನಾನು ತಲೆಯಾಡಿಸಿದೆ. ಅವಳು ಏಳಲಿಲ್ಲ, ಕಾಯುತ್ತಿದ್ದಳು.

"ಎಡಗಡೆ ಪಕ್ಕೆ," ಎಂದೆ ಕೊನೆಗೆ, "ಚಳಿಗಾಲದಾಗೆ ಇನ್ನೂ ನೋಯ್ತೈತೆ ಕಣೆ."

"ಎಲ್ಲಿ?" ಎಂದು ಮುಂದೆ ಬಗ್ಗಿ ಅವಳು ಅಲ್ಲಿ ಕೈ ಇಟ್ಟಳು.